ಪ್ಯಾರಿಸ್ಸಿಗೆ ಪ್ರದಕ್ಷಿಣೆ

ನಮ್ಮ ಮನೆಯವರು ದಿನಾ ಬೆಳಿಗ್ಗೆ ಪ್ಯಾರಿಸ್ಸಿನಲ್ಲಿ ಸೈಕಲ್ ಹೊಡೆಯುತ್ತಾರೆ ಎಂದರೆ ತೀರ್ಥಹಳ್ಳಿಯಲ್ಲಿ ಯಾರೂ ನಂಬುವುದಿಲ್ಲ. ನಂಬಿಸುವ ಉಸಾಬರಿಗೆ ನಾನೂ ಹೋಗುವುದಿಲ್ಲ. ಔಷಧಿ ಅಂಗಡಿಯ ಮೇಲಿರುವ ನಮ್ಮ ಮನೆಯ ಹಜಾರದಲ್ಲಿ, ಟಿ.ವಿ.ಯ ಮುಂದೆ ಅದು ನಡೆಯುತ್ತದೆ.

ಅವರಿಗೆ ಪಾರ್ಕಿನ್ಸನ್ಸ್ ಕಾಯಿಲೆ. ಕೈ ನಡುಗುವುದಕ್ಕೆ ನಾವಿಬ್ಬರೂ ಹೇಗೋ ಒಗ್ಗಿಕೊಂಡಿದ್ದೆವು. ಕಷ್ಟ ಶುರುವಾದದ್ದು ಕಾಲಿನಿಂದ. ನಡೆಯುತ್ತ ಹೊಸ್ತಿಲ ಹತ್ತಿರ ಬಂದರೆ ಪಾದ ನೆಲ ಬಿಟ್ಟು ಏಳುವುದೇ ಇಲ್ಲ. ಮನಸ್ಸು ಆಚೆ ಕೋಣೆ ಸೇರಿರುತ್ತದೆ, ಕಾಲು ಈಚೆಯೇ ನಿಂತಿರುತ್ತದೆ. ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಕಾಲದಲ್ಲಿ, ಭಾನುವಾರ ಬಂತೆಂದರೆ ಗೆಳೆಯರ ಜೊತೆ ಕವಲೇದುರ್ಗದ ಬುಡದವರೆಗೆ ಸೈಕಲ್ ಹೊಡೆದು ಊಟದ ಹೊತ್ತಿಗೆ ವಾಪಸಾಗುತ್ತಿದ್ದ ಮನುಷ್ಯ. ಒಮ್ಮೆ ಹೊಸನಗರದ ಕಡೆಯಿಂದ ಸುತ್ತಿ ಹುಲಿಕಲ್ಲಿಗೂ ಹೋಗಿಬಂದು, ವಾರವಿಡೀ ಅದನ್ನೇ ಹೇಳಿ ನನ್ನ ತಲೆ ತಿಂದಿದ್ದರು.

ವಿಚಿತ್ರವೆಂದರೆ, ನಡೆಯಲಾಗದ ಆ ಕಾಲುಗಳಿಗೆ ಪೆಡಲ್ ತುಳಿಯಲು ಮಾತ್ರ ಚೆನ್ನಾಗಿ ಬರುತ್ತಿತ್ತು. ಈ ಕಾಯಿಲೆಯಲ್ಲಿ ಹೀಗೂ ಉಂಟು, ತುಳಿದಷ್ಟೂ ಒಳ್ಳೆಯದು, ಆದರೆ ರಸ್ತೆಗೆ ಮಾತ್ರ ಇಳಿಯಬೇಡಿ ಎಂದರು ಡಾಕ್ಟರು. ಗೆಳೆಯರೆಲ್ಲ ಸೇರಿ ಒಂದು ಯಂತ್ರ ತಂದರು. ಇವರ ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿ ಸೈಕಲ್ಲನ್ನು ಅದರ ಮೇಲೆ ಕೂರಿಸಿದರು. ಇಲ್ಲಿ ತುಳಿದರೆ ಟಿ.ವಿ.ಯೊಳಗಿನ ಪ್ಯಾರಿಸ್ಸಿನಲ್ಲಿ ಇವರದೊಂದು ಬೊಂಬೆ ಓಡುತ್ತದೆ. ಆ ಬೊಂಬೆಗೆ ಹೊಟ್ಟೆಯೇ ಇಲ್ಲ, ತಲೆ ತುಂಬ ಕೂದಲು. "ಮದುವೆ ದಿನಾನೂ ನೀವು ಹಿಂಗಿರ್ಲಿಲ್ಲ ಬಿಡಿ" ಎಂದೆ.

ಅಗಲವಾದ ರಸ್ತೆ, ಎರಡೂ ಕಡೆ ಸಾಲುಮರ, ತುದಿಯಲ್ಲಿ ಕಲ್ಲಿನ ದೊಡ್ಡ ಕಮಾನು. ಕಮಾನನ್ನು ಸುತ್ತಿ ಮತ್ತೆ ಅದೇ ರಸ್ತೆಯಲ್ಲಿ ವಾಪಸು. ಯಾವ್ಯಾವುದೋ ದೇಶಗಳಲ್ಲಿ ತಂತಮ್ಮ ಮನೆಯೊಳಗೇ ತುಳಿಯುವವರೆಲ್ಲ ಅಲ್ಲಿ ಜೊತೆಯಾಗುತ್ತಾರೆ. ಇವರು ಯಾರದೋ ಬೆನ್ನು ಹಿಡಿದು ಹೋಗುತ್ತ, ಯಾರಾದರೂ ಹಿಂದೆ ಬಿದ್ದರೆ "ಬಾ ಮಾರಾಯ, ಬಾ ಬಾ" ಎಂದು ಕನ್ನಡದಲ್ಲೇ ಕರೆಯುತ್ತಿದ್ದರು. ಆ ಹೊತ್ತಿನಲ್ಲಿ ಮಾತ್ರ ನನಗೆ ಹಳೆಯ ಗಂಡ ಸಿಗುತ್ತಿದ್ದ. ಇಳಿದ ಮೇಲೆ ಪಕ್ಕದ ಕುರ್ಚಿಗೂ ನಾನು ತೋಳು ಹಿಡಿದು ನಡೆಸಬೇಕಿತ್ತು.

ಸಾಗರದಿಂದ ನನ್ನ ನಾದಿನಿ ಬಂದದ್ದು ಆಗಲೇ. ಕಾಫಿ ಲೋಟ ಹಿಡಿದು ಸ್ವಲ್ಪ ಹೊತ್ತು ಟಿ.ವಿ. ನೋಡಿದವಳು ನನ್ನನ್ನು ಅಡುಗೆಮನೆಗೆ ಕರೆದಳು.

"ಎಂತ ಅತ್ತಿಗೆ ಇದು? ಅಣ್ಣ ಆ ಕಮಾನಿಗೆ ಅಪ್ರದಕ್ಷಿಣೆ ಬರ್ತಿದಾನಲ್ಲ!"

"ಅದೇನು ದೇವಸ್ಥಾನವಾ? ಅಲ್ಲಿ ಗಾಡಿಯೆಲ್ಲ ರಸ್ತೆ ಬಲಗಡೆ ಹೋಗೋದಂತೆ. ಹಂಗಾಗಿ ಕಮಾನು ಎಡಕ್ಕೆ ಬರ್ತದೆ."

"ಅಲ್ಲಿಯವ್ರು ಹೆಂಗಾದ್ರೂ ಹೋಗ್ಲಿ. ಹುಷಾರಿಲ್ದಿರೋ ಮನುಷ್ಯ ದಿನಾ ಎಡಕ್ಕೆ ಸುತ್ತೋದಾ?"

ನಮ್ಮಲ್ಲಿ ಎಡಕ್ಕೆ ಸುತ್ತುವುದು ಚಿತೆಯನ್ನು. ಅವಳು ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಬ್ಯಾಂಕಿನಲ್ಲಿ ಜೀವಮಾನವಿಡೀ ದುಡಿದವಳು ನಾನು. ಇಂಥದ್ದಕ್ಕೆಲ್ಲ ತಲೆ ಕೆಡಿಸಿಕೊಳ್ಳುವವಳಲ್ಲ ಎಂದು ನನ್ನ ಬಗ್ಗೆ ನನಗೇ ಜಂಬವಿತ್ತು. ಆದರೂ ಮರುದಿನದಿಂದ ಕಮಾನು ಹತ್ತಿರ ಬಂದಾಗಲೆಲ್ಲ ಬೇರೆ ಕಡೆ ನೋಡತೊಡಗಿದೆ. ಅದೇ ತಿಂಗಳು ಅವರು ಬಚ್ಚಲಮನೆಯ ಬಾಗಿಲಲ್ಲಿ ಬಿದ್ದರು. ಮಾತ್ರೆ ಹೆಚ್ಚಾಯಿತು, ಮಾತು ಕಡಿಮೆಯಾಯಿತು. ನನಗೆ ತಡೆಯಲಾಗಲಿಲ್ಲ.

"ಆ ಕಮಾನನ್ನ ಬಲಕ್ಕೆ ಹಾಕಿ ಸುತ್ತಿ. ಹ್ಯಾಂಡಲ್ ತಿರುಗ್ಸಿ" ಎಂದೆ.

"ಹ್ಯಾಂಡಲ್ ತಿರುಗ್ಸಿದ್ರೆ ಅಲ್ಲೇನೂ ತಿರುಗಲ್ಲ ಮಾರಾಯ್ತಿ. ಅದು ಕರ್ಕೊಂಡು ಹೋದ ಕಡೆ ಹೋಗೋದು. ತುಳಿಯೋದಷ್ಟೇ ನನ್ನ ಕೆಲಸ. ಅದಿರ್ಲಿ, ಎಂತಕ್ಕೆ?"

ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ನಡುಗುವ ಬೆರಳಿನಿಂದ, ಟಿ.ವಿ.ಗೆ ಜೋಡಿಸಿದ್ದ ಫೋನಿನಲ್ಲಿ ಏನನ್ನೋ ಒತ್ತಿದರು. ಬೊಂಬೆ ಹಿಂದಕ್ಕೆ ತಿರುಗಿ ಬಂದ ದಾರಿಯಲ್ಲೇ ಹೊರಟಿತು. ಈಗ ಕಮಾನು ಬಲಕ್ಕೆ ಬಂತು. ನಾನು ನಿಂತಲ್ಲೇ ಕೈಮುಗಿದೆ. ಯಾವುದೋ ಊರಿನ ಕಮಾನು, ಅದೂ ಟಿ.ವಿ.ಯೊಳಗಿನದು, ನನ್ನ ಬುದ್ಧಿಗೆ ಏನು ಹೇಳಬೇಕೋ!

ಅಷ್ಟಕ್ಕೇ ನಿಲ್ಲಿಸಲಿಲ್ಲ. ಬೆವರು ಹರಿಸಿ ಆಮೇಲೆ ಸ್ನಾನ ಮಾಡುತ್ತಿದ್ದವರನ್ನು, ಪ್ರದಕ್ಷಿಣೆಗೆ ಮಡಿಯಿರಲಿ ಎಂದು ಮೊದಲೇ ಸ್ನಾನ ಮಾಡಿಸಿ ಸೈಕಲ್ ಹತ್ತಿಸತೊಡಗಿದೆ. ಅದಕ್ಕೂ ಹೂಂ ಎಂದರು. ಬೆವರಿದ ಮೇಲೆ ಮತ್ತೊಮ್ಮೆ ಸ್ನಾನ. ಬಚ್ಚಲಮನೆಯ ಹೊಸ್ತಿಲು ದಾಟುವ ಕಷ್ಟವನ್ನು ನಾನೇ ಎರಡು ಪಟ್ಟು ಮಾಡಿಟ್ಟಿದ್ದೆ.

ಕಾಲು ಮಾತ್ರ ದಿನದಿನಕ್ಕೆ ಹಿಡಿಯುತ್ತಲೇ ಹೋಯಿತು. ಒಂದು ಬೆಳಿಗ್ಗೆ ಒಲೆ ಆರಿಸಿ ಬಂದು, ಕಮಾನನ್ನು ಬಿಟ್ಟು ರಸ್ತೆಯನ್ನು ನೋಡುತ್ತ ಕೂತೆ. ಎಲ್ಲರೂ ಎದುರಿನಿಂದ ಬರುತ್ತಿದ್ದರು. ಗುಂಪು ಗುಂಪಾಗಿ ಬಂದು, ಇವರ ಪಕ್ಕದಲ್ಲೇ ಸರ್ರನೆ ಹಾದು ಹೋಗಿಬಿಡುತ್ತಿದ್ದರು. ಇವರ ಮುಂದೆ ಒಂದು ಬೆನ್ನಿಲ್ಲ, ಹಿಂದೆ ಒಬ್ಬರಿಲ್ಲ. "ಬಾ ಮಾರಾಯ" ಎಂಬ ಕೂಗು ನಮ್ಮ ಮನೆಯಲ್ಲಿ ಕೇಳದೆ ಎಷ್ಟು ದಿನವಾಗಿತ್ತೋ!

"ಜೊತೆಗೆ ಯಾರೂ ಇಲ್ವಲ್ರೀ" ಎಂದೆ.

"ಎಲ್ಲಾ ಆ ಕಡೆ ಹೋಗೋರು. ಈ ಕಡೆಗೆ ನಾನೊಬ್ನೇ."

"ಮೊದ್ಲಿನ ಹಂಗೇ ಹೋಗಿ. ನಂದೊಂದು ಹುಚ್ಚು. ತಿರುಗ್ಸಿ ಅದನ್ನ."

ಅವರು ತುಳಿಯುವುದನ್ನು ನಿಲ್ಲಿಸಲಿಲ್ಲ. ಉಸಿರು ಹಿಡಿದು ಹಿಡಿದು, ಮೆತ್ತಗೆ ಹೇಳಿದರು. "ಇರ್ಲಿ ಬಿಡು. ನಿಂಗೆ ಏನೋ ಒಂದು ಮಾಡ್ದಂಗೆ ಆಗ್ತದಲ್ಲ. ಮತ್ತೆಂತ ಮಾಡಕ್ಕಾಗ್ತದೆ ಹೇಳು, ನಿನ್ನ ಕೈಲಿ?"

ಸಿಟ್ಟಿನಲ್ಲಿ ಅಂದಿದ್ದರೆ ನಾನೂ ಎರಡು ಮಾತು ತಿರುಗಿಸಿ ಅನ್ನುತ್ತಿದ್ದೆ. ಅವರಿಗೆ ಸಿಟ್ಟಿರಲಿಲ್ಲ. ಅಷ್ಟು ದಿನ ಅವರು ಹಾಗೆ ಒಬ್ಬರೇ ಸುತ್ತಿದ್ದು ನನ್ನ ಸಮಾಧಾನಕ್ಕೆ.