ಬತ್ತಿದ ಬೋರು, ಬಾಣಂತಿ ಖೋಲಿ

ಬ್ಯಾಸಗ್ಯಾಗ ಹಡಿಬ್ಯಾಡ ಅಂತ ಯಾರರ ನನಗ ಮೊದಲೇ ಹೇಳಬೇಕಾಗಿತ್ತು. ಶಹಾಪುರದ ತವರುಮನಿ, ಹಿಂದಿನ ಖೋಲಿ, ಇದ್ದ ಒಂದು ಕಿಟಕಿನೂ ಬಂದ್. ತಲಿಗೆ ಸ್ಕಾರ್ಫು, ಕಿವ್ಯಾಗ ಹತ್ತಿಯ ಅರಳಿ, ಹೊರಸಿನ ಬುಡಕ ಕೆಂಡ ತುಂಬಿದ ಅಗ್ಗಿಷ್ಟಿಗಿ. ಬಾಣಂತಿಗೆ ಗಾಳಿ ತಾಕಬಾರದು ಅಂತ ಅವ್ವನ ಹುಕುಂ. ಫ್ಯಾನಿನ ಸ್ವಿಚ್ಚಿಗೆ ಟೇಪ್ ಬ್ಯಾರೆ ಹಚ್ಚಿದ್ದಳು. ಆ ಟೇಪ್ ನೋಡಕೋತ ಮಲಗತಿದ್ದೆ, ಏಳತಿದ್ದೆ, ಮತ್ತ ಮಲಗತಿದ್ದೆ. ತಲಿ ಕೆಟ್ಟು ಮಸರಗಡಗಿ ಆಗಿತ್ತು.

ನಂದು ಹಾಳಾಗಿ ಹೋಗಲಿ, ಕೂಸಿನ ಮೈ ಸುಡಾಕತ್ತಿತ್ತು, ಹಾಲು ಕುಡಿಯವಲ್ದು. ದವಾಖಾನಿ ಡಾಕ್ಟರಮ್ಮ ನೋಡಿ, ಬ್ಯಾರೆ ರೋಗ ಏನಿಲ್ಲ, ಇದು ಸೆಕಿ, ಖೋಲಿ ತಂಪು ಮಾಡದಿದ್ದರ ಕೂಸಿನ ಜೀವಕ್ಕ ಅಪಾಯ ಅದ ಅಂತ ಬಿಡಿಸಿ ಹೇಳಿದಳು. ಅವ್ವ ಹೂಂ ಅಂದಳು, ಮನಿಗೆ ಬಂದು ಮತ್ತ ಕೆಂಡ ತುಂಬಿದಳು. ಆಕಿಯ ಚೊಚ್ಚಲ ಕೂಸು ಇಂಥದೇ ಬ್ಯಾಸಗ್ಯಾಗ, ಇದೇ ಖೋಲ್ಯಾಗ ತೀರಿತ್ತು. ಥಂಡಿ ಹತ್ತಿ ಹೋತು ಅಂತ ಹಿರ್ಯಾರು ಅಂದಿದ್ದರಂತ. ಅವತ್ತಿನಿಂದ ಥಂಡಿ ಅಂದರ ಆಕಿಗೆ ಹಾವು ಕಂಡಂಗ.

ಅಣ್ಣ ಎ.ಸಿ. ರಿಪೇರಿ ಮಾಡಾಂವ. ಸಾದಾ ಎ.ಸಿ. ನಮ್ಮ ಮಧ್ಯಾಹ್ನದಾಗ ಕೈ ಚೆಲ್ಲಿ ಕೂಡತದ. ಹೊರಗಿನ ಗಾಳಿನೇ ಬೆಂಕಿ ಆದರ ಒಳಗಿನ ಸೆಕಿ ಎಲ್ಲಿ ಚೆಲ್ಲಬೇಕು ಅದು? ಅದಕ್ಕ ನಾ ಹಡಿಯೂಕಿಂತ ಮೊದಲೇ ಆಂವ ಯಾದಗಿರಿಯಿಂದ ಪೈಪು ತಂದು, ಹಿತ್ತಲದಾಗಿನ ಬತ್ತಿದ ಬೋರಿನ ತಳದ ತನಕ ಇಳಿಸಿ, ತಿರುಗಿ ಮ್ಯಾಲೆ ತಂದು ಖೋಲಿಯ ಎ.ಸಿ. ಮಶೀನಿಗೆ ಜೋಡಿಸಿ, ನೆಲದ ತಂಪು ಹತ್ತಲಿ ಅಂತ ಪೈಪಿನ ಸುತ್ತ ಕೆಸರು ತುಂಬಿದ್ದ. ಪೈಪಿನ್ಯಾಗ ನೀರು ತಿರಗತಾವ. ಮ್ಯಾಲೆ ಎಂಥಾ ಬಿಸಲು ಇರಲಿ, ಎಂಥಾ ಚಳಿ ಇರಲಿ, ನೆಲದೊಳಗ ಭಾಳ ಫರಕ್ ಆಗೂದಿಲ್ಲಂತ. ಖೋಲಿ ಸೆಕಿ ಎಳದು ಆ ತಂಪು ನೆಲಕ್ಕ ಬಿಡೂದು ಮಶೀನಿಗೆ ಹಗುರ, ಕರೆಂಟೂ ಕಡಿಮಿ ತಿಂತದ. ಚಳಿಗಾಲದಾಗ ಉಲ್ಟಾ ತಿರುವಿದರ ನೆಲದ ಬಿಸಿ ಖೋಲಿಗೆ ಬರ್ತದ. ಎಲ್ಲಾ ತಯಾರ ಇತ್ತು, ಅವ್ವ ಚಾಲೂ ಮಾಡಗೊಡವಲ್ಲಳು.

ಅಣ್ಣಗ ಅವ್ವನ ನಾಡಿ ಗೊತ್ತು. ಬಾಣಂತಿಗೆ ಎರಿಯಾಕ ಕುದಿನೀರು ಬೇಕಲ್ಲ, ಖೋಲಿಯಿಂದ ಎಳದ ಸೆಕಿ ನೆಲಕ್ಕ ಹೋಗೂ ದಾರ್ಯಾಗ ಬಚ್ಚಲದ ಟ್ಯಾಂಕಿ ಕಾಸಿ ಹೋಗೂಹಂಗ ಮಾಡಿದ. ಕಟಗಿ ಬ್ಯಾಡ, ಹೊಗಿ ಬ್ಯಾಡ. ನೀರು ಬಿಸಿ ಬಂದರ ಸೈ ಅಂತ ಅವ್ವ ಒಪ್ಪಿದಳು.

ಮರುದಿನ ಮುಂಜಾನಿ ಅಗ್ಗಿಷ್ಟಿಗಿ ಹೊರಗ ಹೋತು, ಮಶೀನು ಚಾಲೂ ಆತು. ಎರಕೊಳ್ಳಾಕ ಹೋದರ ನೀರು ಮೈ ಸುಲಿಯೂವಂಗ ಬಿಸಿ. ಅವ್ವ ಖುಷ್. ಖೋಲಿಗೆ ಬಂದರ ಮೊದಲಿನ ಕುದಿನೇ! ಅಣ್ಣ ಮಶೀನಿನ ಮುಚ್ಚಳ ಬಿಚ್ಚತಾನ, ಹಾಕತಾನ, ಬೆವತು ನೀರಾಗ್ಯಾನ. ನಾ ಬಾಯಿಗೆ ಬಂದಂಗ ಬೈದೆ. ಕೂಸು ಅಳೂದೂ ಬಿಟ್ಟಿತ್ತು. ಕೈಯಾಗಿನ ಅರಿವಿ ಜಾರಿ ಬಿತ್ತು, ತಗೊಳ್ಳಾಕ ಬಗ್ಗಿದೆ. ಹೊರಸಿನ ಬುಡಕ, ಇಳಿಬಿಟ್ಟ ಹಳೆ ಸೀರಿ ಹಿಂದ, ಅಗ್ಗಿಷ್ಟಿಗಿ ತುಂಬ ಕೆಂಡ. ಮಶೀನು ಚಾಲೂ ಆದ ಕೂಡಲೇ ನನ್ನ ಕಣ್ಣು ತಪ್ಪಿಸಿ ಅವ್ವ ಇಟ್ಟಿದ್ದಳು.

ಅಣ್ಣ ನಕ್ಕ. ಇಷ್ಟೊತ್ತು ತನ್ನ ಮಶೀನು ಅವ್ವನ ಕೆಂಡ ಹೊತ್ತು ಹೊತ್ತು ಬಚ್ಚಲಕ್ಕ ಸಾಗಿಸ್ಯಾದ, ಅದಕ್ಕ ನೀರು ಹಂಗ ಕುದ್ದಾವ ಅಂದ. ನನಗ ನಗು ಬರಲಿಲ್ಲ. ಅರಿವಿಲೇ ಹಿಡದು ಅಗ್ಗಿಷ್ಟಿಗಿ ಹಿತ್ತಲಕ್ಕ ಒಯ್ದು ಕೊಡದ ನೀರು ಸುರುವಿದೆ. ಬಾಣಂತಿ ಬಿಸಲಾಗ ಹೊಸ್ತಿಲ ದಾಟಿದ್ದು ನೋಡಿ ಅವ್ವ ಗರ ಬಡದಂಗ ನಿಂತಳು.

ಮಧ್ಯಾಹ್ನಕ್ಕ ಖೋಲಿ ತಂಪಾತು. ಕೂಸು ಕಣ್ಣು ಬಿಡತು, ಬಾಯಿ ಹುಡುಕಾಡಿ ಗಟಗಟ ಹಾಲು ಎಳಕೊಂತು. ನಾ ಅತ್ತುಬಿಟ್ಟೆ.

ಅವ್ವ ಬಾಗಲಾಗ ನಿಂತು ಕೂಸು ಹಾಲು ಕುಡಿಯೂದು ನೋಡಿದಳು. ಆಮ್ಯಾಲೆ ಒಳಗ ಬಂದು ಕೂಸಿನ ಬೆನ್ನಿಗೆ ಕೈ ಹಚ್ಚಿ, ನೆಲದ ಮ್ಯಾಲೆ ಕುಂತಳು.

"ನನ್ನ ಕೂಸೂ ಹಿಂಗೇ ಮೈ ಸುಟ್ಟು ಹಾಲು ಕುಡಿಯೂದು ಬಿಟ್ಟಿತ್ತು. ನಾ ಕೆಂಡಾನೇ ಹೆಚ್ಚ ಮಾಡಿದ್ದೆ."

"ಅದು ಥಂಡಿನೇ ಇದ್ದೀತು, ಯವ್ವ," ಅಂದೆ.

ಆಕಿ ನಂಬಲಿಲ್ಲ. ಎದ್ದು ಹೋಗಿ, ನನಗ ಬೆನ್ನು ಮಾಡಿ, ಫ್ಯಾನಿನ ಸ್ವಿಚ್ಚಿಗೆ ಹಚ್ಚಿದ ಟೇಪ್ ಉಗುರಿಲೇ ಕೆತ್ತಾಕತ್ತಿದಳು.