ದಾನಯ್ಯನವರ ಕಮಾನಿ ಪಟ್ಟಿ

ಪ್ರೊಫೆಸರ್ ದಾನಯ್ಯನವರು ಕಾಶಿಗೆ ಬಂದು ಗಂಗೆಗಿಂತ ಹೆಚ್ಚಾಗಿ ಕಂಡಿರುವುದು ತಮ್ಮ ಹಳೆಯ ರೇಸ್ ಕಾರಿನ ಹೊಟ್ಟೆಯನ್ನು. ಹಳೆಯ ಕಾರುಗಳ ರೇಸಿಗೆ ಹೊಸ ಸ್ಪ್ರಿಂಗ್ ಹಾಕುವಂತಿಲ್ಲ. ಹಿಂಬದಿಯ ಕಮಾನಿಗೆ, ಅಂದರೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಹಳೆಯ ಸ್ಪ್ರಿಂಗಿಗೆ, ಇನ್ನೊಂದು ಪಟ್ಟಿ ಸೇರಿಸಿ ಗಡಸು ಮಾಡಬಹುದು, ತೆಗೆದು ಮೆದು ಮಾಡಬಹುದು, ಅಷ್ಟೇ. ಇವರಿಗೆ ಅಷ್ಟು ಸಾಕು. ಅಲ್ಲಿನ ಕನ್ನಡಿಗರ ಮಠದ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರ ಹುಗ್ಗಿ ಆರಿಹೋಗುವ ತನಕ, "ಗಡಸಿದ್ರನ ಗೆಲುವು ನೋಡ್ರಿ" ಎಂದು ಕೊರೆಯುತ್ತಾರೆ. ಕಮಾನಿಯನ್ನು ಪರೀಕ್ಷಿಸಲು ಸೋನಾರ್‌ಪುರದ ರಸ್ತೆಗುಂಡಿಗಳನ್ನೇ ಹುಡುಕಿಕೊಂಡು ಹೋಗುತ್ತಾರೆ, ಹಿಂದಿನಿಂದ ಇ-ರಿಕ್ಷಾದವರು, "ಅರೇ ಗುರೂಜೀ, ಧಕ್ಕಾ ದೇಂ ಕ್ಯಾ?" ಎಂದು, ಕಾರು ತಳ್ಳಿಕೊಡಬೇಕೇ ಎಂದು ಕೇಳಿ ನಗುತ್ತಾರೆ. ವರ್ಷವಿಡೀ ಗಡಸಿನ ಪುರಾಣ ಹೇಳುವ ಈ ಮಹಾಶಯರು ರೇಸಿನ ದಿನ ಬೆಳಿಗ್ಗೆ ತಾವೇ ಆ ಪಟ್ಟಿ ಕಳಚುತ್ತಾರೆ. ತಿರುವಿನಲ್ಲಿ ಕಾರು ದೋಣಿಯಂತೆ ವಾಲುತ್ತದೆ, ಕಡೆಯ ಸ್ಥಾನ ಖಾಯಂ. ಜೊತೆಗೊಬ್ಬರು ಕೂರಲೇಬೇಕೆಂಬುದು ರೇಸಿನ ಇನ್ನೊಂದು ನಿಯಮ. ಕೂರುವವರು ಬೆನ್ನುಮೂಳೆಯ ಆಪರೇಷನ್ ಆಗಿರುವ ಹೆಂಡತಿ ತಾರಾದೇವಿ. "ಪಟ್ಟಿ ಇರ್ಲಿ ಬಿಡ್ರಿ, ಕುಲುಕಾಟ ನಾ ತಡಕೋತೀನಿ. ಒಮ್ಮೆರ ಗೆಲ್ರಿ" ಎನ್ನುತ್ತಾರೆ ಆಕೆ. "ನಿನಗೇನ್ ತಿಳೀತದ? ಮೆತ್ತಗಿದ್ರನ ಕಾರು ಓಡ್ತದ" ಎಂದು ಗದರಿ, ದಾನಯ್ಯನವರು ಆಕೆಯ ಬೆನ್ನಿಗೆ ದಿಂಬು ಸರಿಪಡಿಸುತ್ತಾರೆ.