ಶಿವಲಿಂಗಪ್ಪ ಸರ್ ಬರೆದ ಪದ್ಯಗಳು

ಅಕ್ಷತಾ, ಓಂಕಾರ, ನಿಮ್ಮ ಅಜ್ಜ ದೊಡ್ಡ ಕವಿಯಾಗಿದ್ದರು ಎಂದು ಯಾರಾದರೂ ನಿಮಗೆ ಹೇಳಿದರೆ ಅವರೆದುರಿಗೆ ನಗಬೇಡಿ. ಬದುಕಿದ್ದಷ್ಟು ಕಾಲ ಅವರು ಒಂದು ಸಾಲು ಪದ್ಯ ಬರೆದವರಲ್ಲ. ಕವಿಯಾದದ್ದು ತೀರಿಕೊಂಡ ಮೇಲೆ. ಮಾಡಿದವಳು ನಾನು.

ಮಧ್ಯಾಹ್ನ ಊಟವಾದ ಮೇಲೆ ನಾನು ಫೋನು ಹಿಡಿದುಕೊಂಡು ಒಬ್ಬಳೇ ನಗುವುದನ್ನು ಕಂಡು ಓಂಕಾರ ಕಾಡುತ್ತಿದ್ದ: “ಆಯಿ, ಯಾರ ಜೋಡಿ ನಡಸೀ ಇಷ್ಟು ಗುಲುಗುಲು?” ನಾನು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋಗುತ್ತಿದ್ದೆ. ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ. ಮನೆಗೆ ಬೀಗರು ಬಂದರೆ ಚಹಾ ಕಳಿಸಿ ಅಡುಗೆಮನೆಯಲ್ಲೇ ಉಳಿಯುವವಳು. ಬಾಯಿಗೆ ಬಾರದ ಮಾತು ನನಗೆ ಕೈಗೆ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಕಚೇರಿಯ ಗುಮಾಸ್ತರು. ಅವರು ಬರೆದದ್ದು ಅರ್ಜಿ ಮಾತ್ರ. ಸದಾಶಿವನಗರದ ನಮ್ಮ ಓಣಿಯಲ್ಲಿ ನಲ್ಲಿಗೆ ನೀರು ಬರಲಿಲ್ಲವೆಂದರೆ, ಬೀದಿದೀಪ ಕೆಟ್ಟಿತೆಂದರೆ ಜನ ಅವರಲ್ಲಿಗೇ ಬರುತ್ತಿದ್ದರು. ‘ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಅವರು ಶುರುಮಾಡಿದರೆ ಓಣಿಯವರು ಕೈಕಟ್ಟಿ ನಿಂತು ಕೇಳುತ್ತಿದ್ದರು. ಬರೆದ ಪ್ರತಿ ಅರ್ಜಿಯ ನಕಲನ್ನೂ ಕೆಂಪು ಬಟ್ಟೆಯ ಕಡತದಲ್ಲಿ ಕಟ್ಟಿಡುವುದು ಅವರ ಪದ್ಧತಿ. “ಬರದ ಹಾಳಿ ಒಗೀಬಾರದು ನೀಲಾ, ಒಂದಿನ ಸಾಕ್ಷಿ ಹೇಳತೈತಿ,” ಎನ್ನುತ್ತಿದ್ದರು. ಬೀದಿದೀಪ ಯಾವ ಕೋರ್ಟಿನಲ್ಲಿ ಸಾಕ್ಷಿ ಹೇಳುತ್ತದೋ ಎಂದು ನಾನು ಮನಸ್ಸಿನಲ್ಲೇ ನಗುತ್ತಿದ್ದೆ.

ಅವರು ಹೋದ ಮೇಲೆ ಅವರ ಫೋನು ನನ್ನ ಪಾಲಿಗೆ ಬಂತು. ಗ್ಯಾಸು, ಬ್ಯಾಂಕು ಎಲ್ಲಕ್ಕೂ ಅದೇ ನಂಬರು ಕೊಟ್ಟಿದ್ದರಿಂದ ನಿಮ್ಮ ಅಪ್ಪ ಅದನ್ನು ಬದಲಿಸಲಿಲ್ಲ. ಹೆಸರೂ ಬದಲಾಗಲಿಲ್ಲ. ಅದರಲ್ಲೊಂದು ಗುಂಪಿತ್ತು: ‘ಕೈಬರಹ ಬಳಗ’. ಅದನ್ನು ನಡೆಸುವವರು ಆಟೋ ನಗರದಲ್ಲಿ ಗಾಡಿ ರಿಪೇರಿಯ ಶೆಡ್ಡು ಇಟ್ಟಿರುವ ದಸ್ತಗೀರಸಾಬರು. ಕವಿತೆ ಎಂದರೆ ಅವರಿಗೆ ಪ್ರಾಣ. ಸ್ಕೂಟರ್ ದುರಸ್ತಿಗೆ ಹೋದ ನಿಮ್ಮ ಅಜ್ಜನ ನಂಬರನ್ನು ಬ್ರೇಕು ಸರಿಮಾಡುವುದರ ಜೊತೆಗೇ ಗುಂಪಿಗೆ ಸೇರಿಸಿಕೊಂಡುಬಿಟ್ಟಿದ್ದರು. ನಿಮ್ಮ ಅಜ್ಜ ಆ ಗುಂಪನ್ನು ತೆರೆದು ನೋಡಿದ ಗುರುತೂ ಇರಲಿಲ್ಲ.

ನಾನು ತೆರೆದೆ. ನೋಡಿದರೆ ಅದೊಂದು ಬೇರೆಯೇ ಊರು. ಸೋಮವಾರ ದಸ್ತಗೀರಸಾಬರು ಒಂದು ಶಬ್ದ ಕೊಡುತ್ತಾರೆ: ಬಾವಿ, ಇಲ್ಲವೆ ಚಪ್ಪಲಿ, ಇಲ್ಲವೆ ಉಪ್ಪು. ಶನಿವಾರದೊಳಗೆ ಎಲ್ಲರೂ ಅದರ ಮೇಲೆ ಪದ್ಯ ಹಾಕಬೇಕು. ಆದರೆ ಆ ಊರಿನ ನಿಜವಾದ ಕಾನೂನು ಬೇರೆಯದು. ಯಾರದಾದರೂ ಪದ್ಯ ಮೆಚ್ಚಿಗೆಯಾದರೆ ಹೆಬ್ಬೆರಳಿನ ಚಿತ್ರ, ಹೂವಿನ ಚಿತ್ರ ಕಳಿಸುವಂತಿಲ್ಲ. ಮೆಚ್ಚಿದ ಸಾಲನ್ನು ಹಾಳೆಯ ಮೇಲೆ ನಿಮ್ಮ ಕೈಯಿಂದಲೇ ನಕಲು ಮಾಡಿ, ಅದರ ಫೋಟೋ ತೆಗೆದು ಹಾಕಬೇಕು. ಹೊಸಬರು ಯಾರೋ ಮರೆತು ಹೆಬ್ಬೆರಳು ಹಾಕಿದರೆ ದಸ್ತಗೀರಸಾಬರ ಧ್ವನಿ ಗುಂಪಿನಲ್ಲಿ ಮೊಳಗುತ್ತದೆ: “ಹೆಬ್ಬೆಟ್ಟು ಒತ್ತಾಕ ನಾವೇನ ಸಾಲಿ ಕಲೀದವರೇನ್ರಿ? ಪೆನ್ ಹಿಡೀರಿ!”

ಇದು ಮೊದಮೊದಲು ನನಗೆ ಹುಚ್ಚಾಟವೆನಿಸಿತು. ಆಮೇಲೆ ಅರ್ಥವಾಯಿತು. ಇನ್ನೊಬ್ಬರ ಸಾಲನ್ನು ನಿಮ್ಮ ಕೈಯಿಂದ ಬರೆಯುವಾಗ ಅದನ್ನು ಓಡಿಸಲಾಗದು. ಪ್ರತಿ ಅಕ್ಷರದ ಹತ್ತಿರ ನಿಲ್ಲಬೇಕು. ಹಾಗೆ ನಿಂತು ಹೊಗಳಿದ್ದು ಸುಳ್ಳಾಗುವುದು ಕಷ್ಟ.

ಎಂಟು ತಿಂಗಳು ಬರೀ ಓದಿದೆ. ಒಂದು ಸೋಮವಾರ ಬಂದ ಶಬ್ದ ‘ಚಿಲಕ’. ಜೋಳ ಹಸನು ಮಾಡುತ್ತ ಕುಳಿತವಳು ಮೊರ ಬದಿಗಿಟ್ಟು, ಫೋನೆತ್ತಿಕೊಂಡು ಒತ್ತಿದೆ:

ನೀ ಹೋದ ಮೇಲೂ ಬಾಗಿಲ ಚಿಲಕ
ಸಂಜಿಗೊಮ್ಮೆ ಸಪ್ಪಳ ಮಾಡತದ.
ಗಾಳಿ ಇರಬೇಕು ಅಂತೀನಿ;
ಎದ್ದು ಹೋಗಿ ನೋಡತೀನಿ.

ಬೆರಳು ಜಾರಿ ಹೋಯಿತೋ, ನಾನೇ ಕಳಿಸಿದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಫೋನನ್ನು ಜೋಳದ ಡಬ್ಬಿಯ ಮುಚ್ಚಳದ ಮೇಲೆ ಬೋರಲು ಹಾಕಿ ಹಿತ್ತಲಿಗೆ ಓಡಿದೆ. ಸಂಜೆ ತಿರುಗಿ ಬಂದು ನೋಡಿದರೆ ಹದಿಮೂರು ಕೈಬರಹಗಳು! ಕೆಲವು ನೀಲಿ ಶಾಯಿ, ಕೆಲವು ಪೆನ್ಸಿಲ್ಲು. ದಸ್ತಗೀರಸಾಬರ ಹಾಳೆಯ ಮೂಲೆಯಲ್ಲಿ ಇಂಜಿನ್ ಎಣ್ಣೆಯ ಬೆರಳಚ್ಚು. ಎಲ್ಲದರಲ್ಲೂ ನನ್ನ ಚಿಲಕ ಸಪ್ಪಳ ಮಾಡುತ್ತಿತ್ತು. ಏಳನೆಯ ಇಯತ್ತೆ ಮುಗಿಸಿ ತವರೂರು ಗುಂಜಿಯ ಶಾಲೆ ಬಿಟ್ಟ ದಿನದಿಂದ ನನ್ನ ಬರಹವನ್ನು ಇನ್ನೊಬ್ಬರು ಬರೆದುಕೊಂಡದ್ದು ಅದೇ ಮೊದಲು.

ಆಮೇಲೆ ಕೆಳಗೆ ಬಂದ ಮಾತುಗಳನ್ನು ಓದಿದೆ. ‘ಶಿವಲಿಂಗಪ್ಪ ಸರ್, ಮನೆಯವರ ಅಗಲಿಕೆ ಸಹಿಸುವ ಶಕ್ತಿ ದೇವರು ನಿಮಗೆ ಕೊಡಲಿ.’ ‘ಸರ್, ಹೊತ್ತಿಗೆ ಸರಿಯಾಗಿ ಊಟ ಮಾಡಿರಿ.’ ಹೆಸರು ನೋಡಿ ಅವರು ಹೆಂಡತಿ ಸತ್ತ ಗಂಡಸು ಎಂದುಕೊಂಡಿದ್ದರು! ಮೊರದ ಪಕ್ಕ ನಿಂತಲ್ಲೇ ನಾನು ಸತ್ತಿದ್ದೆ. ನನ್ನ ಆತ್ಮಕ್ಕೆ ಹದಿಮೂರು ಜನ ಶಾಂತಿ ಕೋರಿದ್ದರು.

ಅವತ್ತೇ ಹೇಳಬೇಕಿತ್ತು. ನಾಚಿಕೆ ಬಿಡಲಿಲ್ಲ. ದಸ್ತಗೀರಸಾಬರು ಸಮಾಧಾನ ಹೇಳಲು ಫೋನು ಮಾಡಿದರೆ ಕತ್ತರಿಸಿ, ‘ಗಂಟಲು ಸರಿ ಇಲ್ಲ’ ಎಂದು ಬರೆದೆ. ಆ ಗಂಟಲು ಒಂದೂವರೆ ವರ್ಷ ನೆಟ್ಟಗಾಗಲಿಲ್ಲ. ಗುಂಪಿನವರು ಜ್ಯೇಷ್ಠಮಧು ಹೇಳಿದರು, ಅರಿಶಿನದ ಹಾಲು ಹೇಳಿದರು. ಪಾಪಪ್ರಜ್ಞೆಯಿಂದ ನಾನು ಅದನ್ನೆಲ್ಲ ಕುಡಿದೂ ಕುಡಿದೆ.

ನನಗೆ ನಾನೇ ಒಂದು ನೆಪ ಹೇಳಿಕೊಳ್ಳುತ್ತಿದ್ದೆ. ನಮ್ಮ ಶರಣರು ವಚನದ ಕೊನೆಗೆ ತಮ್ಮ ಹೆಸರು ಹಾಕಿದವರಲ್ಲ, ನಂಬಿದ ದೇವರ ಹೆಸರು ಹಾಕಿದರು. ಅದು ಅಂಕಿತ. ಹಾಗೆ ನನ್ನ ಅಂಕಿತ ಶಿವಲಿಂಗಪ್ಪ ಎಂದುಕೊಂಡರಾಯಿತು! ಆದರೆ ಶರಣೆಯರು ಹೆಸರು ಮರೆತದ್ದು ಭಕ್ತಿಯಿಂದ. ನಾನು ಮರೆಸಿದ್ದು ಅಂಜಿಕೆಯಿಂದ. ಎರಡೂ ಒಂದೇ ಆಗುವುದಿಲ್ಲ ಎಂದು ನನಗೆ ಒಳಗೇ ಗೊತ್ತಿತ್ತು.

ಈ ಅಡಗುವ ಚಾಳಿ ಹಳೆಯದು. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಮದುವೆಯಲ್ಲಿ ಅಡ್ಡಗಟ್ಟಿ ಕೇಳಿದರೆ ಎರಡು ಸಾಲು ಪದ್ಯ ಕಟ್ಟಿ ಅದರೊಳಗೆ ಹೆಸರಿಟ್ಟು ಹೇಳಬೇಕು. ಅದು ಒಡಪು. ಗುಂಜಿಯಲ್ಲಿ ಯಾವ ಮದುಮಗಳಿಗೆ ಒಡಪು ಬಾರದಿದ್ದರೂ ನನ್ನನ್ನು ಕರೆಯುತ್ತಿದ್ದರು. ನಾನು ಕಂಬದ ಹಿಂದೆ ನಿಂತು ಅವಳ ಕಿವಿಯಲ್ಲಿ ಉಸುರುತ್ತಿದ್ದೆ. ಅವಳು ಜೋರಾಗಿ ಹೇಳುತ್ತಿದ್ದಳು, ಮಂದಿ ಅವಳಿಗೆ ಚಪ್ಪಾಳೆ ತಟ್ಟುತ್ತಿದ್ದರು. ನಾನೂ ತಟ್ಟುತ್ತಿದ್ದೆ.

ಗುಂಪಿನಲ್ಲಿ ನನಗೊಬ್ಬ ಗೆಳತಿ ಸಿಕ್ಕಳು, ಖಾನಾಪುರದ ಸುನಂದಾಬಾಯಿ. ಅಂಗನವಾಡಿ ನಡೆಸಿ ನಿವೃತ್ತಳಾದವಳು. ಮನೆಮಾತು ಮರಾಠಿ, ಹಟ ಹಿಡಿದು ಕನ್ನಡದಲ್ಲಿ ಬರೆಯುತ್ತಾಳೆ. ಅವಳು ಮೊದಲ ಸಲ ಪದ್ಯ ಹಾಕಿದಾಗ ಒಬ್ಬರು ‘ಮೊದಲು ಭಾಷೆ ಕಲಿತು ಬನ್ನಿ’ ಎಂದು ಬರೆದರು. ನನಗೆ ಸಿಟ್ಟು ಬಂತು. ಅವಳ ಪದ್ಯದಲ್ಲಿ ಒಂದು ಸಾಲಿತ್ತು: ‘ಅಳುವ ಕೂಸಿಗೆ ಭಾಷೆ ಇಲ್ಲ, ಎತ್ತಿಕೊಂಡರೆ ತಿಳಿಯುತ್ತದೆ.’ ಅದನ್ನು ದಪ್ಪ ಅಕ್ಷರದಲ್ಲಿ ನಕಲು ಮಾಡಿ ಹಾಕಿದೆ. ನನ್ನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಅದನ್ನೇ ಬರೆದರು. ಕಡೆಗೆ ಆ ಮಹಾನುಭಾವರೂ ಬರೆದರು!

ಅಂದಿನಿಂದ ಸುನಂದಾ ಪ್ರತಿ ಪದ್ಯವನ್ನೂ ಮೊದಲು ನನಗೆ ಕಳಿಸುತ್ತಿದ್ದಳು. ‘ಸರ್, ಹ್ಯಾಂಗ ಆಗೇತಿ?’ ಎಂದು ಕೇಳುತ್ತಿದ್ದಳು. ನಾನು ತಿದ್ದುತ್ತಿರಲಿಲ್ಲ, ‘ಈ ಸಾಲು ನನ್ನ ಎದೆಗೆ ಹತ್ತಿತು’ ಎಂದಷ್ಟೇ ಬರೆಯುತ್ತಿದ್ದೆ. ಅವಳೂ ಹಾಗೆಯೇ ನನ್ನನ್ನು ಬಿಡುತ್ತಿರಲಿಲ್ಲ. ಎರಡು ವಾರ ನಾನು ಬರೆಯದಿದ್ದರೆ ‘ಸರ್, ಚಿಲಕ ಜಂಗ ಹಿಡೀತೇನ?’ ಎಂದು ಚುಚ್ಚುತ್ತಿದ್ದಳು.

ಹೀಗಿರುವಾಗ ದಸ್ತಗೀರಸಾಬರು ಘೋಷಿಸಿದರು: ಬಳಗದವರೆಲ್ಲ ಖಾನಾಪುರದಲ್ಲಿ ಕೂಡಬೇಕು, ಸುನಂದಾಬಾಯಿಯ ಅಂಗಳದಲ್ಲಿ, ಪ್ರತಿಯೊಬ್ಬರೂ ಒಂದು ಪದ್ಯ ಓದಬೇಕು. ನಾನು ಗಂಟಲಿನ ಹಳೆಯ ಅರ್ಜಿಯನ್ನೇ ಮತ್ತೆ ಗುಜರಾಯಿಸುವವಳಿದ್ದೆ. ಅಷ್ಟರಲ್ಲಿ ಸುನಂದಾ ಬರೆದಳು: ‘ಸರ್, ಮಂದಿ ಮುಂದ ನಾ ಎಂದೂ ಓದಿಲ್ಲ. ನೀವು ಬಂದ್ರ ಅಷ್ಟ ಓದತೀನಿ. ಇಲ್ಲಂದ್ರ ಚಹಾ ಕೊಟ್ಟು ಒಳಗ ಕುಂದರತೀನಿ.’

ಚಹಾ ಕೊಟ್ಟು ಒಳಗೆ ಕೂಡುವುದು! ಆ ಕೆಲಸದ ರುಚಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಹೋಗದಿದ್ದರೆ ಅವಳ ಬಾಯಿ ಮುಚ್ಚುತ್ತದೆ. ಹೋದರೆ ನನ್ನ ಸುಳ್ಳು ಹೊರಬೀಳುತ್ತದೆ. ಸರ್ ಎಂದು ನಂಬಿದವಳು ‘ನನ್ನನ್ನು ಆಡಿಸಿದೆಯಾ’ ಎಂದು ಮುಖ ತಿರುಗಿಸಿದರೆ?

ನಿಮ್ಮ ಅಪ್ಪನಿಗೆ ತವರಿಗೆ ಹೋಗುತ್ತೇನೆಂದು ಹೇಳಿ, ರೈಲಿನ ಟಿಕೀಟನ್ನೂ ಗುಂಜಿಗೇ ತೆಗೆಸಿದೆ. ಖಾನಾಪುರ ಹಾದಿಯಲ್ಲೇ ಬರುತ್ತದೆ. ಧೈರ್ಯ ಬಂದರೆ ಇಳಿಯುವುದು, ಬಾರದಿದ್ದರೆ ಕುಳಿತೇ ಇರುವುದು ಎಂದು ನನ್ನ ಲೆಕ್ಕ. ಖಾನಾಪುರ ಬಂತು. ಗಾಡಿ ನಿಂತಿತು. ನಾನೂ ಕುಳಿತೇ ಇದ್ದೆ. ಎದುರಿಗೆ ಕುಳಿತ ಹೆಂಗಸು ಕೇಳಿದಳು: “ಇಳಿಯಾಕಿ ಇದ್ದೀಯೇನಬೇ ಯಕ್ಕಾ? ಇಳಿಯಾಕಿದ್ರ ಇಳಿ, ಇಲ್ಲಂದ್ರ ಆ ಚೀಲಾರ ಮಡಿಲಾಗ ಇಟ್ಕೋ, ನನ್ನ ಕಾಲಿಗೆ ಒತ್ತಾಕತ್ತೇತಿ.” ಚೀಲ ಎತ್ತಿಕೊಂಡೆ. ಎತ್ತಿಕೊಂಡ ಮೇಲೆ ಕಾಲು ತಾನಾಗಿ ಬಾಗಿಲಿಗೆ ಹೋಯಿತು. ದೊಡ್ಡ ದೊಡ್ಡ ನಿರ್ಧಾರಗಳು ಹೀಗೆ ಇನ್ನೊಬ್ಬರ ಕಾಲುನೋವಿನಿಂದಲೂ ಆಗುತ್ತವೆ.

ಸುನಂದಾಬಾಯಿಯ ಮನೆಯ ಬಾಗಿಲಲ್ಲಿ ದಸ್ತಗೀರಸಾಬರು ಕುಳಿತಿದ್ದರು. ಬಿಳಿ ಟೊಪ್ಪಿಗೆ, ಬಿಳಿ ಅಂಗಿ, ಉಗುರಿನ ಸಂದಿಯಲ್ಲಿ ಮಾತ್ರ ಆಟೋ ನಗರ. ಬಂದವರ ಎದೆಗೆ ಸಿಕ್ಕಿಸಲು ಹೆಸರು ಬರೆದ ಚೀಟಿಗಳನ್ನು ಮುಂದೆ ಹರಡಿದ್ದರು. ನನ್ನ ಗಂಟಲು, ನಿಮ್ಮಾಣೆಗೂ, ಆಗ ಖರೇನೇ ಕಟ್ಟಿತು.

“ನಾನು... ಶಿವಲಿಂಗಪ್ಪನವರ...”

“ಬರ್ರಿ ಅಕ್ಕಾರ, ಕುಂದರ್ರಿ. ನಿಮ್ಮ ದಾರಿನ ಕಾಯಾಕತ್ತೇವಿ,” ಎಂದು ಅವರು ಒಂದು ಚೀಟಿ ಎತ್ತಿ ಕೈಗಿಟ್ಟರು. ನೋಡಿದರೆ ಖಾಲಿ. ಜೊತೆಗೊಂದು ಪೆನ್ನು. “ನಿಮ್ಮ ಹೆಸರ ನೀವ ಬರೀಬೇಕಂತ ಹಂಗ ಬಿಟ್ಟೀವ್ರಿ.”

“ನಿಮಗ ಗೊತ್ತಿತ್ತ?”

“ವರ್ಷದ ಮ್ಯಾಲ ಆತ್ರಿ! ನೀವು ಹಾಕಿದ್ದು ಒಂದೊಂದು ಫೋಟೋನೂ ತಗದು ನೋಡ್ರಿ. ಹಾಳಿ ಕೆಳಗ ಮೊರ, ಮೊರದಾಗ ಜೋಳ. ಯಾವ ಸರ್ ದಿನಾ ಮೊರದ ಮ್ಯಾಲ ಹಾಳಿ ಇಟ್ಟು ಬರೀತಾರ್ರಿ? ನಿಮ್ಮ ಯಜಮಾನರದು ಸ್ಕೂಟರ್ ನೆನಪೈತ್ರಿ ನನಗ, ಅವರ ಮಾರಿ ನೆನಪಿಲ್ಲ. ವಿಚಾರಿಸಿದ್ರ ಸುದ್ದಿ ತಿಳೀತು. ಆದ್ರ ನೀವಾಗಿ ಹೇಳೂತನಕ ಯಾರೂ ಕೇಳಬಾರದಂತ ಈ ಬಾಯಿನ ಕಟ್ಟಪ್ಪಣೆ ಮಾಡಿದ್ದು.”

ಈ ಬಾಯಿ ಎಂದರೆ ಸುನಂದಾ. ಬಾಗಿಲಲ್ಲಿ ನಿಂತು ಮುಸಿಮುಸಿ ನಗುತ್ತಿದ್ದಳು. ನನ್ನಷ್ಟೇ ಗಿಡ್ಡ, ನನ್ನಷ್ಟೇ ಬಿಳಿಕೂದಲು.

“ಮೊರ ಮೊದಲ ಕಂಡಾಕಿ ನಾನಽ,” ಎಂದಳು. “ಸರ್ ಅನಕೋತ ಬರಿಯೂವಾಗ ನಗಿ ತಡಿಯೂದು ಎಷ್ಟ ತ್ರಾಸಿತ್ತ ಗೊತ್ತೇನು?”

“ಮತ್ತ ನಾ ಬರದಿದ್ರ ಓದೂದಿಲ್ಲ ಅಂದಿದ್ದಿ?”

“ಹಂಗ ಅನ್ನಲಿಲ್ಲ ಅಂದ್ರ ನೀ ಬರತಿದ್ದೇನು?”

ಒಂದೂವರೆ ವರ್ಷ ನಾನು ಅವಳಿಗೆ ಧೈರ್ಯ ತುಂಬುತ್ತಿದ್ದೇನೆಂದು ಬೀಗಿದ್ದೆ, ಮಕ್ಕಳೇ. ತುಂಬುತ್ತಿದ್ದವಳು ಅವಳು. ಅಂಗನವಾಡಿಯಲ್ಲಿ ಅಳುವ ಕೂಸನ್ನು ಒಳಗೆ ಕರೆತರುವುದು ಹೇಗೆಂದು ಅವಳಿಗೆ ಕಲಿಸಿಕೊಡಬೇಕೆ?

ಚೀಟಿಯ ಮೇಲೆ ಬರೆದೆ: ನೀಲವ್ವ. ಮೂರೇ ಅಕ್ಷರ, ಬೆವರು ಮಾತ್ರ ಮೂವತ್ತಕ್ಷರದ್ದು.

ಸುನಂದಾ ಓದಿದಳು, ಧ್ವನಿ ನಡುಗದೆ. ನನ್ನ ಸರದಿ ಬಂದಾಗ ಎದ್ದು ನಿಂತೆ. ಬರೆದು ತಂದ ಹಾಳೆ ಚೀಲದಲ್ಲೇ ಉಳಿಯಿತು. ಕಂಬ ಹುಡುಕಿದೆ, ಆ ಅಂಗಳಕ್ಕೆ ಕಂಬವೇ ಇರಲಿಲ್ಲ. ಆಗ ಬಾಯಿಗೆ ಬಂದದ್ದು ಒಂದು ಒಡಪು:

ಮೊರದ ಮ್ಯಾಲ ಜೋಳ, ಜೋಳದ ಮ್ಯಾಲ ಹಾಳಿ,
ಶಿವಲಿಂಗಪ್ಪನವರ ಹೆಸರಿಲೆ ಬರದಾಕಿ ನೀಲವ್ವ, ಕೇಳಿ!

ಚಪ್ಪಾಳೆ ಬಿತ್ತು. ಈ ಸಲ ನಾನು ತಟ್ಟಲಿಲ್ಲ; ನಿಂತು ಕೇಳಿದೆ. ಬಳಗದವರು ಅಲ್ಲಿಯೇ ಪೆನ್ನು ತೆಗೆದು ಆ ಎರಡು ಸಾಲನ್ನು ನಕಲು ಮಾಡಿಕೊಂಡರು. ಹದಿಮೂರು ಹಾಳೆಗಳಲ್ಲಿ ನಮ್ಮಿಬ್ಬರ ಹೆಸರೂ ಅಕ್ಕಪಕ್ಕ ಕುಳಿತವು. ಅಷ್ಟು ವರ್ಷದ ಸಂಸಾರದಲ್ಲಿ ಲಗ್ನಪತ್ರಿಕೆ ಬಿಟ್ಟರೆ ಹಾಗೆ ಕುಳಿತದ್ದು ಅದೇ ಮೊದಲು.

ಫೋನಿನಲ್ಲಿ ಈಗಲೂ ಅವರ ಹೆಸರೇ ಇದೆ. ಇರಲಿ, ಅಷ್ಟು ಹೊಗಳಿಕೆ ಕೇಳಿದ ಮೇಲೆ ಅವರನ್ನು ಹೊರಗೆ ಹಾಕುವುದು ಸರಿಯಲ್ಲ. ಪದ್ಯದ ಕೆಳಗೆ ಮಾತ್ರ ನಾನು ನನ್ನ ಹೆಸರು ಬರೆಯುತ್ತೇನೆ. ಗಂಟಲೂ ಚೆನ್ನಾಗಿದೆ.

ಅಕ್ಷತಾ, ಓಂಕಾರ, ಆ ಚೀಟಿಯನ್ನು ಈ ಹಾಳೆಗಳಿಗೆ ಟಾಚಣಿ ಚುಚ್ಚಿ ಇಟ್ಟಿದ್ದೇನೆ. ಅಟ್ಟದ ಮೇಲೆ ನಿಮ್ಮ ಅಜ್ಜನ ಕೆಂಪು ಬಟ್ಟೆಯ ಕಡತವಿದೆಯಲ್ಲ, ಇವುಗಳನ್ನು ಅದರಲ್ಲೇ, ಬೀದಿದೀಪದ ಅರ್ಜಿಯ ಪಕ್ಕದಲ್ಲೇ ಕಟ್ಟಿಡಿ. ಇಲಿ, ಗೆದ್ದಲು ತಾಗದಂತೆ ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ. ಬರೆದ ಹಾಳೆ ಒಗೆಯಬಾರದು, ಸಾಕ್ಷಿ ಹೇಳುತ್ತದೆ. ಮತ್ತೆ, ಕಡತದ ಮೇಲೆ ನಿಮ್ಮ ಅಜ್ಜನ ಹೆಸರಿದೆ. ಅದರ ಕೆಳಗೆ ಸ್ವಲ್ಪ ಜಾಗ ಖಾಲಿ ಇದೆ, ನಾನು ನೋಡಿದ್ದೇನೆ. ಅಲ್ಲಿ ನನ್ನ ಹೆಸರು ಬರೆಯಿರಿ. ಕೈಯಿಂದ ಬರೆಯಿರಿ.